ಸಿಂಕಿಗೆ ಸುರಿದ ಗ್ಲಾಸು

ಕುಲಕರ್ಣಿ, ಆ ದಿನ ನೀನು ಕೊಟ್ಟ ಗ್ಲಾಸನ್ನು ನಾನು ಕುಡಿಯಲಿಲ್ಲ. ಬಾಯಿ ತೊಳೆದು ಬರುತ್ತೇನೆಂದು ಬಾತ್‌ರೂಮಿಗೆ ಒಯ್ದು, ಸಿಂಕಿಗೆ ಸುರಿದು, ನಲ್ಲಿ ತಿರುಗಿಸಿ, ತುಟಿ ಒರೆಸಿಕೊಂಡು ಹೊರಗೆ ಬಂದೆ. ಆಮೇಲೆ ನಾಲ್ಕು ಗಂಟೆ ನಿನ್ನೆದುರು ವರ್ಣಿಸಿದ್ದೆಲ್ಲ — ಎಲ್ಲವೂ — ಸುಳ್ಳು. ಹದಿನೆಂಟು ವರ್ಷದಿಂದ ಈ ಮಾತನ್ನು ಮುಚ್ಚಿಟ್ಟಿದ್ದೇನೆ.

ಅರವತ್ತರ ದಶಕದ ಕೊನೆ, ಸ್ಯಾನ್ ಡಿಯೇಗೊ, ನಮ್ಮ ಪ್ರೊಫೆಸರರ ಲ್ಯಾಬು. ಕಳ್ಳಿಗಿಡದಲ್ಲಿ ಸಿಗುವ ಮೆಸ್ಕಲಿನ್ ಎಂಬ ಅಮಲಿನ ವಸ್ತುವಿನ ಅಣುವನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ, ಅದರ ದಾಯಾದಿಗಳನ್ನು ತಯಾರಿಸುವುದು ನಮ್ಮ ಕೆಲಸ. ಇಲಿಗಳಿಗೆ ಕೊಟ್ಟು ನೋಡಿದ ಮೇಲೆ ನಮ್ಮಲ್ಲೊಬ್ಬ ಕುಡಿಯಬೇಕು, ತಯಾರಿಸಿದವನು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು. ಅದು ಆ ಲ್ಯಾಬಿನ ಪದ್ಧತಿ. ಕಂಡದ್ದನ್ನು ಇಲಿ ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ನಿನ್ನ ಪಿಎಚ್.ಡಿ.ಯ ಮೊದಲ ವಸ್ತು ಅದು. ಎರಡು ತಿಂಗಳು ದುಡಿದರೆ ಸಿಕ್ಕಿದ್ದು ಚಿಟಿಕೆಗೂ ಕಡಿಮೆ ಬಿಳಿ ಪುಡಿ. ಅಷ್ಟನ್ನೂ ನೀರಿಗೆ ಹಾಕಿ ನನ್ನ ಕೈಗಿಟ್ಟೆ.

ಹಿಂದಿನ ಸಂಜೆ ಮೈಸೂರಿನಿಂದ ಅಮ್ಮನ ಕಾಗದ ಬಂದಿತ್ತು — ಅಪ್ಪನ ಶ್ರಾದ್ಧದ ತಿಥಿ ಮರುದಿನವೇ. ಬೆಳಿಗ್ಗೆ ಸ್ನಾನ ಮಾಡಿ, ಯೂನಿವರ್ಸಿಟಿ ಸಿಟಿ ಬಡಾವಣೆಯ ನನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ, ನೆನಪಿದ್ದಷ್ಟು ಮಂತ್ರ ಹೇಳಿ ತರ್ಪಣ ಬಿಟ್ಟೆ. ಎಳ್ಳು ಸಿಗದೆ ಬರ್ಗರ್ ಬನ್ನಿನ ಮೇಲಿದ್ದ ಎಳ್ಳನ್ನೇ ಕೆರೆದು ತೆಗೆದೆ. ಅಪ್ಪನ ಹೆಸರಿನಲ್ಲಿ ಉಪವಾಸವಿದ್ದು ಅಮಲಿನ ಪದಾರ್ಥ ಕುಡಿಯುವುದು — ನನ್ನಿಂದ ಆಗಲಿಲ್ಲ.

ನಿನಗೆ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ‘ನಾಳೆ ಕುಡಿಯೋಣ ಬಿಡಪಾ’ ಎನ್ನುತ್ತಿದ್ದೆ ನೀನು, ಅಷ್ಟೇ. ಆದರೆ ಜನಿವಾರ ತೆಗೆದಿಟ್ಟ ವಿಜ್ಞಾನಿ ಎಂದು ಎದೆಯುಬ್ಬಿಸಿ ತಿರುಗುತ್ತಿದ್ದವನು ನಾನು. ನಿನ್ನ ಸಂಧ್ಯಾವಂದನೆಯನ್ನು ಎಲ್ಲರೆದುರು ಗೇಲಿ ಮಾಡಿದವನೂ ನಾನೇ. ಅದೇ ಬಾಯಲ್ಲಿ ಶ್ರಾದ್ಧ ಅನ್ನುವುದು ಹೇಗೆ? ಇನ್ನೂ ಒಂದಿದೆ — ಆ ಗ್ಲಾಸಿಗೆ ನಾನು ಹೆದರಿಯೂ ಇದ್ದೆ. ಅಪ್ಪನ ಮೇಲಿನ ಭಕ್ತಿ ಎಷ್ಟು, ಪುಕ್ಕಲುತನ ಎಷ್ಟು ಎಂದು ಇಂದಿಗೂ ವಿಂಗಡಿಸಿ ನೋಡಿಲ್ಲ.

ನಿನ್ನ ಮನೆಯ ಸೋಫಾದ ಮೇಲೆ ಕಣ್ಣು ಮುಚ್ಚಿ ಒರಗಿದೆ. ನೀನು ಪೆನ್ನು ಹಿಡಿದು ಕೂತೆ. ‘ಏನರ ಕಾಣಸ್ತದೇನಪಾ?’

ಹೊಟ್ಟೆ ಚುರುಗುಟ್ಟುತ್ತಿತ್ತು. ಕಾಣುತ್ತಿದ್ದದ್ದು ಒಂದೇ. ‘ಹಳದಿ ಬೆಟ್ಟ,’ ಎಂದೆ. ‘ಮೈತುಂಬ ಕಪ್ಪು ಚುಕ್ಕಿ. ನಡುನಡುವೆ ಕೆಂಪಗೆ ಏನೋ ಹೊಳೀತಾ ಇದೆ.’ ಅದು ಚಿತ್ರಾನ್ನ ಕುಲಕರ್ಣಿ, ಸಾಸಿವೆ ಮತ್ತು ಕಡಲೆಬೀಜ. ಮಧ್ಯಾಹ್ನದ ಹೊತ್ತಿಗೆ ನಾನು ಕಂಡ ಬಿಳಿ ಮೋಡ, ಅದರೊಳಗಿಂದ ಇಣುಕಿದ ಹಸಿರು ಎಲೆ — ಒಗ್ಗರಣೆ ಹಾಕಿದ ಮೊಸರನ್ನ. ಕೊನೆಗೆ ಜೇನುಬಣ್ಣದ ಹೊಳೆಯೊಂದು ಹರಿದು ಬಂತು ಎಂದೆ. ಅದು ಪಾಯಸ. ನೀನು ಒಂದಕ್ಷರ ಬಿಡದೆ ಬರೆದುಕೊಂಡೆ.

‘ಖರೇನ?’ ಎಂದು ಒಮ್ಮೆ ನೀನು ಕೇಳಿದೆ.

‘ನಿನ್ನಾಣೆ ಕಣೋ,’ ಎಂದೆ.

ನಿನ್ನ ಕಣ್ಣು ತುಂಬಿ ಬಂತು. ಸೋಮವಾರ ಪ್ರೊಫೆಸರ್ ಆ ಪುಟಗಳನ್ನು ಗಟ್ಟಿಯಾಗಿ ಓದಿದರು, ಲ್ಯಾಬಿಗೆ ಲ್ಯಾಬೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಮುಂದೆ ಎರಡು ವರ್ಷ ನೀನು ಆ ಹಳದಿ ಬೆಟ್ಟದ ಬೆನ್ನು ಹತ್ತಿದೆ. ಅದೇ ವಸ್ತುವನ್ನು ಮತ್ತೆ ಐದು ಸಲ ತಯಾರಿಸಿದೆ. ಎರಡನೆಯ ಸಲದ್ದನ್ನು ನಾನು ನಿಜವಾಗಿಯೂ ಕುಡಿದೆ. ಏನೂ ಕಾಣಲಿಲ್ಲ, ಏನೂ ಇಲ್ಲ ಎಂದೆ. ಈ ಇಡೀ ಕಥೆಯಲ್ಲಿ ನಾನು ಆಡಿದ ಒಂದೇ ಒಂದು ನಿಜ, ಅದೇ ನಿನ್ನನ್ನು ಮುಳುಗಿಸಿತು. ಪ್ರೊಫೆಸರ್ ಕುಡಿದರು, ಅವರಿಗೂ ಏನಿಲ್ಲ. ಮೊದಲ ಸಲದ್ದರಲ್ಲಿ ಏನೋ ಕಲಬೆರಕೆಯಾಗಿರಬೇಕು ಎಂದು ಅವರು ಮೆಲ್ಲಗೆ ಹೇಳಿದಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಆಗ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಕಾನೂನು ಬಿಗಿಯಾಯಿತು, ಆ ಕೆಲಸವೇ ನಿಂತುಹೋಯಿತು. ನೀನು ಮಾಸ್ಟರ್ಸ್ ಡಿಗ್ರಿಗೇ ಸಮಾಧಾನಪಟ್ಟು, ಕಲ್ವರ್ ಸಿಟಿಯಲ್ಲಿ ಸಿನಿಮಾ ರೀಲು ತೊಳೆಯುವ ಕೆಲಸಕ್ಕೆ ಹೊರಟೆ. ‘ನನ್ನ ಕೈಯಾಗ ಏನೋ ದೋಷ ಅದ,’ ಎಂದು ಕಾರು ಹತ್ತಿದೆ. ನಿನ್ನ ಪೆಟ್ಟಿಗೆಗಳನ್ನು ಡಿಕ್ಕಿಗೆ ಇಟ್ಟುಕೊಟ್ಟವನು ನಾನು.

ಇಷ್ಟು ಕಾಲ ಮುಚ್ಚಿಟ್ಟವನಿಗೆ ಈಗೇನು ಅವಸರ ಎನ್ನುತ್ತೀಯ. ಕಳೆದ ವಾರ ನೀನು ನನ್ನ ಸೊರೆಂಟೊ ವ್ಯಾಲಿ ಆಫೀಸಿಗೆ ಫೋನ್ ಮಾಡಿದ್ದೆಯಲ್ಲ. ನಿನ್ನ ಮಗಳು ವಿದ್ಯಾಗೆ ಕೆಮಿಸ್ಟ್ರಿಯಲ್ಲಿ ಸೀಟು ಸಿಕ್ಕಿದೆ ಎಂದೆ. ಅವಳಿಗೆ ತುಂಬ ಆಸೆ, ನೀನು ಬೇಡ ಎಂದಿದ್ದೀಯ. ‘ನಮ್ಮ ಮನಿತನಕ್ಕ ಅದು ಒಗ್ಗೂದಿಲ್ಲ ಅಂತ ಹೇಳೇನಿ. ನೀನೂ ಒಂದ್ಮಾತು ಹೇಳು, ನಿನ್ ಮಾತು ಕೇಳ್ತಾಳ.’ ನಾನು ‘ಹೂಂ, ಹೇಳ್ತೀನಿ’ ಎಂದು ಫೋನ್ ಇಟ್ಟೆ. ಆ ‘ಹೂಂ’ — ಅದಕ್ಕೆ ಅಪ್ಪನ ಶ್ರಾದ್ಧದ ನೆಪವೂ ಇರಲಿಲ್ಲ.

ನಿನ್ನ ಕೈಯಲ್ಲಿ ದೋಷವಿರಲಿಲ್ಲ. ಆರು ಸಲವೂ ಒಂದೇ ವಸ್ತುವನ್ನು ಒಂದಿಷ್ಟೂ ಕೆಡದಂತೆ ತಯಾರಿಸಿದ ಕೈ ಅದು. ಲ್ಯಾಬಿನಲ್ಲಿ ಇನ್ನಾರಿಗೂ ಅದು ಸಾಧ್ಯವಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಈ ಕಾಗದವನ್ನು ಪೋಸ್ಟಿಗೆ ಹಾಕುವುದಿಲ್ಲ. ಶನಿವಾರ ಕಲ್ವರ್ ಸಿಟಿಗೆ ಡ್ರೈವ್ ಮಾಡಿಕೊಂಡು ಬಂದು ನಾನೇ ಓದುತ್ತೇನೆ. ವಿದ್ಯಾ ಪಕ್ಕದಲ್ಲಿ ಕೂತಿರಲಿ. ಅವಳು ಇಂಗ್ಲಿಷಿನಲ್ಲೇ ಮಾತಾಡಿದರೂ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಓದಿ ಮುಗಿದ ಮೇಲೆ ನೀನು ಬೈಯುವುದನ್ನೂ ಅವಳು ಪೂರ್ತಿ ಕೇಳಿಸಿಕೊಳ್ಳಲಿ.