ಸೈಲೆನ್ಸರಿನ ಬಾಯಿ ಎಲ್ಲಿ ಬಿಡುವುದು?

ಮೊನ್ನೆ ಅಂಗಳದಲ್ಲಿ ನಿಂತಿದ್ದ ಪಿಕಪ್ಪಿನ ಮೈಮೇಲೆ ಯಾರೋ ಚಾಕ್‌ಪೀಸಿನಲ್ಲಿ ಮೂರು ಸೊನ್ನೆ ಬರೆದಿದ್ದರು. ಹಿಂದಿನ ಚಕ್ರದ ಹತ್ತಿರ ಎಡಕ್ಕೊಂದು, ಬಲಕ್ಕೊಂದು, ನಂಬರ್ ಪ್ಲೇಟಿನ ಕೆಳಗೆ ಇನ್ನೊಂದು. ಪಿಕಪ್ಪು ನನ್ನ ಅಣ್ಣನ ಮಗಳು ಲವೀನಾಳದ್ದು. ಶಂಕರಪುರದಲ್ಲಿ ಅವಳದ್ದೊಂದು ಗಿಡಗಳ ನರ್ಸರಿ ಉಂಟು. ಹಳೆಯ ಸೈಲೆನ್ಸರು ತುಕ್ಕು ಹಿಡಿದು ಉದುರಿತ್ತು. ಹೊಸತರ ಬಾಯಿ ಯಾವ ಕಡೆಗೆ ಬಿಡಿಸುವುದು ಎಂದು ಮೆಕ್ಯಾನಿಕ್ ಗುರುತು ಹಾಕಿ ಹೋಗಿದ್ದ.

"ಬಾಪ್ಪು, ನೀವೇ ಹೇಳಿ. ಲ್ಯಾಬಿನಲ್ಲಿ ಇದ್ದವರಲ್ವಾ ನೀವು?" ಎಂದಳು ಲವೀನಾ. ನಮ್ಮ ಕೊಂಕಣಿಯಲ್ಲಿ ಬಾಪ್ಪು ಅಂದರೆ ಚಿಕ್ಕಪ್ಪ.

ಅಷ್ಟಕ್ಕೇ ನನ್ನ ಕೈಯಲ್ಲಿದ್ದ ಚಹಾ ಲುಂಗಿಯ ಮೇಲೆ ಚೆಲ್ಲಿತು. ನಗಬೇಡಿ. ನಾನು ಪುಕ್ಕಲ ಎಂಬುದು ನಮ್ಮ ಮನೆಯಲ್ಲಿ ಎಂದೋ ತೀರ್ಮಾನವಾದ ಸಂಗತಿ. ಬಸ್ಸಿನಲ್ಲಿ ಕೊನೆಯ ಸೀಟು, ಕಾರಿನಲ್ಲಿ ಹಿಂದಿನ ಸೀಟು. ಮುಂದೆ ಕೂರು ಎಂದು ಬಿಷಪ್ಪರೇ ಬಂದು ಹೇಳಿದರೂ ನಾನು ಕೂರುವವನಲ್ಲ. ಅಪಘಾತವಾದರೆ ಮೊದಲು ಸಾಯುವವರು ಮುಂದಿನವರು ಎಂಬ ಲೆಕ್ಕಾಚಾರ ನನ್ನದು ಎಂದು ಎಲ್ಲರೂ ನಂಬಿದ್ದಾರೆ. ನಂಬಲಿ ಎಂದು ನಾನೂ ಬಿಟ್ಟಿದ್ದೇನೆ. ನಿಜ ಸಂಗತಿ ಬೇರೆ ಉಂಟು. ಅದನ್ನು ಹೇಳಬೇಕಾದರೆ ಎಪ್ಪತ್ತರ ದಶಕದ ಕೊನೆಗೆ ಹೋಗಬೇಕು.

ಆಗ ನನಗೆ ಮಣಿಪಾಲದ ಕಾಲೇಜೊಂದರ ಲ್ಯಾಬಿನಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಗಾಜಿನ ನಳಿಕೆ ತೊಳೆದು ಒಣಗಲು ಇಡುವ ಕೆಲಸ. ಆದರೆ ಊರಿಗೆ ಬಂದರೆ ನನ್ನ ಠೀವಿ ನೋಡಬೇಕಿತ್ತು! ಗ್ಯಾಸು, ಆಸಿಡ್ಡು ಎಂದು ನಾಲ್ಕು ಮಾತು ಉದುರಿಸಿದರೆ ನಮ್ಮ ಅಮ್ಮ ಬಾಯಿ ಬಿಟ್ಟು ಕೇಳುತ್ತಿದ್ದಳು. ಅಣ್ಣ ಲೋರೆನ್ಸ್ ಮಾತ್ರ ಓದಿದವನಲ್ಲ. ಅವನು ಕಾಪುವಿನ ಮೀನಿನ ವ್ಯಾಪಾರಿಯೊಬ್ಬರ ಹಳೆಯ ಪೆಟ್ರೋಲ್ ಪಿಕಪ್ಪು ಕೊಂಡು, ಶಂಕರಪುರದ ಮಲ್ಲಿಗೆಯನ್ನು ದಿನಾ ಉಡುಪಿಗೆ ಸಾಗಿಸುತ್ತಿದ್ದ.

ನಮ್ಮ ಮಲ್ಲಿಗೆಯ ಮರ್ಜಿ ನಿಮಗೆ ಗೊತ್ತಿರಲಿಕ್ಕಿಲ್ಲ. ಬೆಳಿಗ್ಗೆ ಮೊಗ್ಗು ಕೊಯ್ದು, ಮನೆಮನೆಯಲ್ಲಿ ಹೆಂಗಸರು ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯ ಲೆಕ್ಕದಲ್ಲಿ ಕೊಡುತ್ತಾರೆ. ಮಧ್ಯಾಹ್ನದೊಳಗೆ ಪೇಟೆ ಮುಟ್ಟಬೇಕು. ಅಣ್ಣ ಪಿಕಪ್ಪಿನ ಹಲಗೆಯ ಮೇಲೆ ಒದ್ದೆ ಗೋಣಿ ದಪ್ಪಕ್ಕೆ ಹಾಸಿ, ಅದರ ಮೇಲೆ ಹೂವಿನ ಬುಟ್ಟಿ ಇಡುತ್ತಿದ್ದ. ಪೇಟೆಯ ದಲ್ಲಾಳಿಗಳು ಮೊದಲು ಹೂವನ್ನು ಮೂಗಿಗೆ ಹಿಡಿಯುವವರು. ದೇವರ ಮುಡಿಗೆ ಹೋಗುವ ಹೂವು, ಬೇರೆ ವಾಸನೆ ತಾಗಿದ್ದರೆ ಮುಟ್ಟುವುದೇ ಇಲ್ಲ. ಅಣ್ಣನ ಗಾಡಿಯ ಸೆಲ್ಫು ಕೆಟ್ಟಿತ್ತು, ಇಂಜಿನ್ ಬಂದ್ ಮಾಡಿದರೆ ಮತ್ತೆ ತಳ್ಳಬೇಕು. ಆದ್ದರಿಂದ ಹೂವು ಇಳಿಸುವಾಗಲೂ ಅದು ಉಸಿರು ಬಿಡುತ್ತಲೇ ಇರುತ್ತಿತ್ತು. ಸೈಲೆನ್ಸರಿನ ಬಾಯಿ ಇದ್ದದ್ದು ಸರಿಯಾಗಿ ಹಿಂದೆ, ಹೂವು ಇಳಿಸುವಲ್ಲೇ. ಎರಡು ಸಲ ಹೂವು ವಾಪಸು ಬಂತು. ಮೂರನೆಯ ಸಲ ಅಣ್ಣ ನನ್ನನ್ನು ಕರೆದುಕೊಂಡು ಕಾಪುವಿಗೆ, ವಾಸಣ್ಣನ ಗ್ಯಾರೇಜಿಗೆ ಹೋದ.

ವಾಸಣ್ಣ ಒಳ್ಳೆಯ ಕೈಯವನು, ಮಾತು ಕಡಿಮೆ. ಬೀಡಿ ಕಚ್ಚಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದ. "ಎಡಬದಿಗೆ ಬಿಟ್ಟರೆ ರಸ್ತೆ ಬದಿ ನಿಂತವರ ಕಾಲು ಸುಡ್ತದೆ. ಬಲಕ್ಕೆ ಬಿಡುವ. ಬಾಡಿಯಿಂದ ಒಂದು ಗೇಣು ಹೊರಗೆ ಬರಲಿ" ಎಂದ. ಅಷ್ಟರಲ್ಲಿ ಅಣ್ಣ ಚಹಾ ಹೇಳಲು ಹೋಟೆಲಿಗೆ ಹೋದ. ನನಗೆ ಸುಮ್ಮನಿರಲು ಆಗುತ್ತದೆಯೇ?

"ಬೇಡ ವಾಸಣ್ಣ. ಪೈಪನ್ನು ನಡುವಿನಲ್ಲೇ ಕೊಯ್ದು ಬಾಯಿ ನೆಲಕ್ಕೆ ಮಾಡಿ. ಹೊಗೆ ಭಾರ, ಕೆಳಗೇ ಹೋಗ್ತದೆ. ಹೂವಿಗೆ ತಾಗುವ ಪ್ರಶ್ನೆಯೇ ಇಲ್ಲ" ಎಂದೆ.

ಅವನು ಬೀಡಿ ತೆಗೆದ. "ಹೊಗೆ ಗಾಡಿಯ ಅಡಿಯಲ್ಲಿ ನಿಲ್ಲಬಾರದು ಮಾರಾಯ್ರೇ. ಹೊರಗೆ ಹೋಗ್ಬೇಕು."

"ನಾನು ಲ್ಯಾಬಿನಲ್ಲಿ ದಿನಾ ನೋಡುವುದು ಇದನ್ನೇ" ಎಂದೆ. ದೇವರಾಣೆಗೂ ನಾನು ಅಲ್ಲಿ ನೋಡುತ್ತಿದ್ದದ್ದು ಸಾಬೂನಿನ ನೊರೆಯನ್ನು. ವಾಸಣ್ಣ ಓದಿದವನ ಮಾತೆಂದು ಪೈಪು ಕೊಯ್ದ. ಅಣ್ಣ ಚಹಾ ಹೇಳಿ ಬರುವಷ್ಟರಲ್ಲಿ ಬೆಸುಗೆ ಶುರುವಾಗಿತ್ತು. ಅದು ವಾಸಣ್ಣನದೇ ಉಪಾಯ ಎಂದು ಅಣ್ಣ ತಿಳಿದ. ನಾನೂ ತಿದ್ದಲಿಲ್ಲ.

ಉಪಾಯ ಫಲಿಸಿತು! ಒಂದು ತಿಂಗಳು ಹೂವು ಒಮ್ಮೆಯೂ ವಾಪಸು ಬರಲಿಲ್ಲ. ಆದರೆ ನಾನೂ ವಾಸಣ್ಣನೂ ಒಂದು ಸಂಗತಿ ಮರೆತಿದ್ದೆವು. ಅದು ಮೀನಿನ ಗಾಡಿ. ಐಸಿನ ನೀರು ಇಳಿಯಲಿ ಎಂದು ಹಿಂದಿನ ಯಜಮಾನರು ಹಲಗೆಗೆ ಉದ್ದಕ್ಕೂ ತೂತು ಕೊರೆಸಿದ್ದರು. ಹೂವು ಹೋಗುವಾಗ ಒದ್ದೆ ಗೋಣಿ ಆ ತೂತುಗಳನ್ನು ಮುಚ್ಚಿರುತ್ತಿತ್ತು.

ಆಗಸ್ಟಿನಲ್ಲಿ ಕಾರ್ಕಳದಲ್ಲಿ ಒಂದು ಮದುವೆ ಬಂತು. ಹೊರಟವರು ನಾವು ನಾಲ್ಕು ಜನ: ಅಣ್ಣ, ನಾನು, ಅಮ್ಮ, ಸೆವ್ರಿನ್ ಅತ್ತಿಗೆ. ಅತ್ತಿಗೆಗೆ ಆರು ತಿಂಗಳು, ಚೊಚ್ಚಲು. ಮುಂದೆ ಡ್ರೈವರನ ಪಕ್ಕ ಇದ್ದದ್ದು ಒಂದೇ ಸೀಟು. ನ್ಯಾಯವಾಗಿ ಅದು ಅತ್ತಿಗೆಯದ್ದು. ಆದರೆ ನಾನು ಅಂದು ಹೊಸ ಬೆಲ್‌ಬಾಟಂ ಹಾಕಿದ್ದೆ, ಕತ್ತಿಯ ಹಾಗೆ ಇಸ್ತ್ರಿಯ ಗೆರೆ. ನಾನು ಗಾಡಿಯ ಹಿಂಬದಿಯನ್ನೂ ಪ್ಯಾಂಟನ್ನೂ ನೋಡುತ್ತಾ ನಿಂತದ್ದು ಕಂಡು ಅತ್ತಿಗೆ ನಕ್ಕಳು. "ನೀನೇ ಮುಂದೆ ಕೂತುಕೋ. ಪ್ಯಾಂಟು ಹಾಳಾಗ್ತದೆ." ನಾನು ಒಮ್ಮೆಯೂ ಬೇಡ ಅನ್ನದೆ ಹತ್ತಿ ಕೂತೆ. ಹಿಂದೆ ರೇಷ್ಮೆ ಸೀರೆ ಒದ್ದೆಯಾಗುತ್ತದೆಂದು ಅಮ್ಮ ಗೋಣಿಯನ್ನೆಲ್ಲ ತೆಗೆಸಿ ಚಾಪೆ ಹಾಕಿಸಿದಳು.

ಬೆಳ್ಮಣ್ ದಾಟುವಾಗ ಮಳೆ ಹೊಡೆಯಿತು. ಅಣ್ಣ ನಿಲ್ಲಿಸಿ ಹಿಂದಿನ ಟರ್ಪಾಲನ್ನು ಸುತ್ತಲೂ ಇಳಿಸಿ ಬಿಗಿಯಾಗಿ ಕಟ್ಟಿದ. ಅಮ್ಮ ಜಪಮಾಲೆ ಶುರು ಮಾಡಿದಳು. ನಮ್ಮ ಬೆನ್ನ ಹಿಂದೆ ಸಣ್ಣ ಕಿಟಕಿಯೊಂದಿತ್ತು, ಅದರಲ್ಲಿ ಕೇಳುತ್ತಿತ್ತು. ಅಮ್ಮ ಅರ್ಧ ಹೇಳುವುದು, ಅತ್ತಿಗೆ ಉಳಿದರ್ಧ. ಸ್ವಲ್ಪ ಹೊತ್ತಿಗೆ ಅತ್ತಿಗೆಯ ಪಾಲು ಕೇಳಿಸದಾಯಿತು. ಅಮ್ಮ ಎರಡೂ ಪಾಲು ತಾನೇ ಹೇಳತೊಡಗಿದಳು. ಮತ್ತೆ ಸ್ವಲ್ಪ ಹೊತ್ತಿಗೆ ಅಮ್ಮನ ಮಾತು ತೊದಲಿತು, ಅದೂ ನಿಂತಿತು.

"ಪಾಪ, ಇಬ್ಬರಿಗೂ ನಿದ್ದೆ" ಎಂದೆ ನಾನು.

ಆ ಮಾತು ಹೇಳಿ ಎಷ್ಟು ದೂರ ಹೋದೆವೋ ಗೊತ್ತಿಲ್ಲ. ಎರಡು ಮೈಲಿ ಇರಬಹುದು. ಆ ಎರಡು ಮೈಲಿಯ ರಸ್ತೆಯಲ್ಲಿ ನಾನು ಇವತ್ತಿಗೂ ಹೋಗುವುದಿಲ್ಲ, ಸುತ್ತು ಬಳಸಿ ಹೋಗುತ್ತೇನೆ. ಅಮ್ಮ ಜಪಮಾಲೆಯನ್ನು ನಡುವಿನಲ್ಲಿ ಬಿಟ್ಟವಳಲ್ಲ ಎಂಬುದು ನೆನಪಾದದ್ದು ಆಮೇಲೆ. ಕಿಟಕಿ ಬಡಿದೆ. ಕರೆದೆ. ಉತ್ತರವಿಲ್ಲ. "ಅಣ್ಣಾ, ನಿಲ್ಲಿಸು!"

ಟರ್ಪಾಲು ಎತ್ತಿದರೆ ಹೊಗೆಯ ವಾಸನೆಯ ಜೊತೆ ಅವರು ಮುಡಿದ ಮಲ್ಲಿಗೆಯ ಪರಿಮಳ ಘಮ್ಮೆಂದು ಬಂತು. ಅಮ್ಮ ಒರಗಿದ್ದಳು, ಕಣ್ಣು ಅರ್ಧ ತೆರೆದಿತ್ತು. ಅತ್ತಿಗೆ ಚಾಪೆಯ ಮೇಲೆ ವಾಂತಿ ಮಾಡಿಕೊಂಡು, ಅದರ ಅಂಚಿನಾಚೆ ಹಲಗೆಯ ತೂತುಗಳ ಮೇಲೆಯೇ ಮುಖ ಇಟ್ಟು ಬಿದ್ದಿದ್ದಳು. ಇಬ್ಬರನ್ನೂ ಎಳೆದು ಮಳೆಯಲ್ಲೇ ರಸ್ತೆ ಬದಿ ಮಲಗಿಸಿದೆವು. ಅಮ್ಮ ಸ್ವಲ್ಪದರಲ್ಲಿ ಕೆಮ್ಮಿ "ಯೇಸುವೇ" ಎಂದಳು. ಅತ್ತಿಗೆ ಅಲುಗಲಿಲ್ಲ. ಅಣ್ಣ ಅವಳ ಕೆನ್ನೆ ತಟ್ಟುತ್ತಾ ಅಳುತ್ತಿದ್ದ. ನನ್ನ ಕಣ್ಣು ಮಾತ್ರ ಗಾಡಿಯ ಅಡಿಗೆ ಹೋಯಿತು. ಇಂಜಿನ್ ಇನ್ನೂ ಓಡುತ್ತಿತ್ತು. ನೆಲಕ್ಕೆ ಬಡಿದ ಹೊಗೆ ಹರಡಿ, ಏರಿ, ಹಲಗೆಯ ತೂತುಗಳೊಳಗೆ ನುಗ್ಗುತ್ತಿತ್ತು. ಹೂವಿಗೆ ಗೋಣಿ ಹಾಸಿದ್ದೆವು. ಮನುಷ್ಯರಿಗೆ ತೆಗೆದಿದ್ದೆವು.

ಟರ್ಪಾಲು ಬಿಚ್ಚಿ ಬಿಸಾಡಿ ಮಣಿಪಾಲಕ್ಕೆ ಗಾಡಿ ತಿರುಗಿಸಿದೆವು. ಅಮ್ಮ ಮುಂದೆ ಕೂತಳು. ನಾನು ಹಿಂದೆ, ಮಳೆಯಲ್ಲಿ ನೆನೆಯುತ್ತಾ, ಅತ್ತಿಗೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಕೂತೆ. ಮಣಿಪಾಲದ ಏರು ಹತ್ತುವಾಗ ಅವಳು ಕಣ್ಣು ತೆರೆದಳು. ಆಸ್ಪತ್ರೆಯಲ್ಲಿ ಡಾಕ್ಟರರು ಮೆಲ್ಲಗೆ ಹೇಳಿದರು: "ತಾಯಿಗೆ ತೊಂದರೆ ಇಲ್ಲ. ಮಗುವಿಗೆ ಎಂತ ಆಗಿದೆ ಅಂತ ಈಗ ಹೇಳಲಿಕ್ಕೆ ಆಗುವುದಿಲ್ಲ. ಹುಟ್ಟಿದ ಮೇಲೆ ನೋಡ್ಬೇಕು."

ಮರುದಿನ ಅಣ್ಣ ಕಾಪುವಿಗೆ ಹೋಗಿ ನಾಲ್ಕು ಜನರ ಎದುರು ವಾಸಣ್ಣನ ಮಾನ ಹರಾಜು ಹಾಕಿದ. ನಾನು ಪಕ್ಕದಲ್ಲೇ ಇದ್ದೆ. ವಾಸಣ್ಣ ಒಮ್ಮೆ ನನ್ನ ಮುಖ ನೋಡಿದ. ನಾನು ಕಣ್ಣು ತಪ್ಪಿಸಿ ಗೋಡೆಗೆ ಒರಗಿಸಿದ್ದ ಟಯರು ಎಣಿಸತೊಡಗಿದೆ. ಅವನು ತಲೆ ತಗ್ಗಿಸಿ, "ಪೈಪು ನಾನೇ ಸರಿ ಮಾಡಿ ಕೊಡ್ತೇನೆ" ಎಂದಷ್ಟೇ ಹೇಳಿದ.

ಆ ಮೂರು ತಿಂಗಳು ನಾನು ಹೇಗೆ ಬದುಕಿದೆನೋ! ಲವೀನಾ ಹುಟ್ಟಿ ಅತ್ತಾಗ ಎಲ್ಲರೂ ನಕ್ಕರು, ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ಕಣ್ಣು ಕಾಣುತ್ತದೋ ಎಂದು ತೊಟ್ಟಿಲ ಮೇಲೆ ಟಾರ್ಚು ಬಿಡುತ್ತಿದ್ದೆ. ಕಿವಿ ಕೇಳುತ್ತದೋ ಎಂದು ಬೆನ್ನ ಹಿಂದೆ ಸ್ಟೀಲು ತಟ್ಟೆ ಬೀಳಿಸುತ್ತಿದ್ದೆ. ಮಗು ಬೆಚ್ಚಿ ಕಿರುಚಿದರೆ ನನಗೆ ಹಬ್ಬ. ಒಂದೂವರೆ ವರ್ಷವಾದರೂ ಮಾತು ಬರಲಿಲ್ಲ ಎಂದಾಗ ನಾನು ಊಟ ಬಿಟ್ಟೆ. ಈಗ ಅವಳ ಬಾಯಿ ಮುಚ್ಚಿಸಲು ಯಾರಿಂದಲೂ ಆಗುವುದಿಲ್ಲ.

ಅಣ್ಣ ಹೋದ, ವಾಸಣ್ಣನೂ ಹೋದ. ಇಬ್ಬರಿಗೂ ನಾನು ಸತ್ಯ ಹೇಳಲಿಲ್ಲ. ಮೊನ್ನೆ ಆ ಮೂರು ಸೊನ್ನೆಗಳ ಮುಂದೆ ನಿಂತು, ಲವೀನಾಳಿಗೂ ಜಗಲಿಯಲ್ಲಿ ಕೂತಿದ್ದ ಅತ್ತಿಗೆಗೂ ಕೇಳುವ ಹಾಗೆ ಎಲ್ಲವನ್ನೂ ಹೇಳಿಬಿಟ್ಟೆ. ಲವೀನಾ ಪಿಕಪ್ಪಿನ ಅಡಿಗೆ ಬಗ್ಗಿ ನೋಡಿದಳು.

ಅತ್ತಿಗೆ ಮಲ್ಲಿಗೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನನಗೆ ಗೊತ್ತುಂಟು" ಎಂದಳು.

"ವಾಸಣ್ಣ ಹೇಳಿದನಾ?"

"ಅವನು ಎಲ್ಲಿ ಹೇಳ್ತಾನೆ? ಆವತ್ತಿನಿಂದ ನೀನು ಮುಂದಿನ ಸೀಟಿನಲ್ಲಿ ಕೂತದ್ದುಂಟಾ? ಮಗುವಿನ ಹಿಂದೆ ತಟ್ಟೆ ಬೀಳಿಸ್ತಾ ತಿರುಗಿದವನು ನೀನೊಬ್ಬನೇ. ನನಗೆ ಕಣ್ಣಿಲ್ವಾ? ಹೇಳಿದ್ದರೆ ನಿನ್ನ ಅಣ್ಣ ನಿನ್ನನ್ನು ಮನೆಗೆ ಸೇರಿಸ್ತಿರಲಿಲ್ಲ." ನಾರು ಬಿಗಿದು ಗಂಟು ಹಾಕಿದಳು. "ಚೌತಿಗೆ ಪ್ರತಿ ವರ್ಷ ವಾಸಣ್ಣನ ಮನೆಗೆ ನಿನ್ನ ಕೈಯಲ್ಲಿ ಒಂದು ಅಟ್ಟೆ ಹೂವು ಕಳಿಸ್ತಿದ್ದದ್ದು ಎಂತಕ್ಕೆ ಅಂತ ಮಾಡಿದ್ದಿ?"

ನಾನದನ್ನು ಗಿರಾಕಿ ಮರ್ಯಾದೆ ಎಂದುಕೊಂಡಿದ್ದೆ. ಗೇಟಿನಲ್ಲೇ ಹೂವು ಕೊಟ್ಟು ಓಡಿ ಬರುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಎದ್ದು ಚಾಕ್‌ಪೀಸು ತೆಗೆದುಕೊಂಡು ಬಲಬದಿಯ ಸೊನ್ನೆಯ ಕೆಳಗೆ ಬರೆದೆ: ಒಂದು ಗೇಣು ಹೊರಗೆ. ವಾಸಣ್ಣ ಹೇಳಿದ್ದು ಅದನ್ನೇ.

ನಿನ್ನೆ ಪೈಪು ಕೂರಿಸಿ ಆಯಿತು. ಉಡುಪಿಗೆ ಹೋಗಿ ಬರುವ ಎಂದಳು ಲವೀನಾ. ಅಭ್ಯಾಸದಂತೆ ನಾನು ಹಿಂದೆ ಹತ್ತಲು ಚಕ್ರದ ಮೇಲೆ ಕಾಲಿಟ್ಟೆ. ಅತ್ತಿಗೆ ಕೋಲೂರಿಕೊಂಡು ಅಂಗಳಕ್ಕೆ ಇಳಿದು ಬಂದಳು. ಮುಂದಿನ ಬಾಗಿಲು ತೆರೆದು ಹಿಡಿದು, ಚಹಾದ ಕಲೆಯ ನನ್ನ ಲುಂಗಿಯನ್ನೊಮ್ಮೆ ನೋಡಿದಳು.

"ಮುಂದೆ ಕೂತುಕೋ ಮಾರಾಯ" ಎಂದಳು. "ಪ್ಯಾಂಟು ಹಾಳಾಗ್ತದೆ."