ಕಾಣದ ಜಾಗದ ರಿಪೇರಿ

ಇವತ್ತು ಬೆಳಿಗ್ಗೆ ನಮ್ಮ ಬಟ್ಟೆ ತೊಳೆಯುವ ಮಷಿನ್ನಿನಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಮೋಟರು ಗುಂಯ್ ಅನ್ನುತ್ತಿತ್ತು, ಡ್ರಮ್ಮು ಮಾತ್ರ ಅಲ್ಲಾಡಲೊಲ್ಲದು. ಗೋಕಾಕದ ಈ ಬಾಡಿಗೆ ಮನೆಯ ಜೊತೆಗೇ ಬಂದ ಮಷಿನ್ನು ಇರುವುದು ಬಚ್ಚಲ ಗೋಡೆಗೂ ನೀರಿನ ತೊಟ್ಟಿಗೂ ನಡುವೆ. ಮೊದಲು ಮಷಿನ್ನು ಇಟ್ಟು ಆಮೇಲೆ ತೊಟ್ಟಿ ಕಟ್ಟಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಮೆಕ್ಯಾನಿಕ್ ಬಂದು, ಮೊಬೈಲಿನ ಬೆಳಕಿನಲ್ಲಿ ಸಂದಿಯೊಳಗೆ ಇಣುಕಿ, "ಹಿಂದ ಬೆಲ್ಟ ಜಾರೈತ್ರಿ. ತೊಟ್ಟಿ ಒಡದ್ರ ಕೈ ಹೋಕ್ಕೈತಿ, ಇಲ್ಲಂದ್ರ ಇಲ್ರಿ" ಎಂದು ಹೇಳಿ ಹೋದ.

ತೊಟ್ಟಿ ಒಡೆಯುವುದೆಂದರೆ ಮನೆ ಮಾಲೀಕರೊಂದಿಗೆ ಮಾತು ಬೆಳೆಸುವುದು. ಅಷ್ಟು ಧೈರ್ಯ ನನಗಿಲ್ಲ. ಗಲ್ಲಕ್ಕೆ ಕೈ ಹಚ್ಚಿಕೊಂಡು ಕೂತಾಗ ಮೂಡಲಗಿಯ ಕಾಕಾ ನೆನಪಾದ. ನಮ್ಮಪ್ಪನ ತಮ್ಮ, ಬಟ್ಟೆ ಅಂಗಡಿಯವನು. ಸೀರೆಯ ಗಂಟು ಬಿಚ್ಚುವುದರಲ್ಲಿ ಎಷ್ಟು ಜಾಣನೋ ಯಂತ್ರ ಬಿಚ್ಚುವುದರಲ್ಲೂ ತಾನು ಅಷ್ಟೇ ಜಾಣ ಎಂದು ಅವನ ನಂಬಿಕೆ. ಬಿಚ್ಚುವುದರಲ್ಲಿ ಜಾಣನೇ, ಅದರಲ್ಲಿ ಎರಡು ಮಾತಿಲ್ಲ. ಕೂಡಿಸುವಾಗ ಮಾತ್ರ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. "ಅವು ಮದಲಿಂದಾನೂ ಹೆಚ್ಚಿಗಿದ್ವು" ಅನ್ನುತ್ತಿದ್ದ.

ಫ್ರಿಜ್ಜಿಗೆ ಧೂಳು ಹತ್ತಬಾರದೆಂದು ಅದರ ಸುತ್ತ ಸಿಮೆಂಟಿನ ಕಪಾಟು ಕಟ್ಟಿಸಿದವನೂ ಅವನೇ. ಅದು ಕೆಟ್ಟಾಗ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ದಾಡಿ ಮಾಡಿಕೊಳ್ಳುವ ಕನ್ನಡಿಯನ್ನು ಕೋಲಿಗೆ ಕಟ್ಟಿ ಸಂದಿಯಲ್ಲಿ ತೂರಿಸಿ, ಅದರಲ್ಲಿ ನೋಡುತ್ತ ಸೈಕಲ್ ಕಡ್ಡಿಯಿಂದ ಏನನ್ನೋ ಮೀಟತೊಡಗಿದ. ಕನ್ನಡಿಯಲ್ಲಿ ಎಡ ಬಲವಾಗುತ್ತದೆಂಬುದು ಅವನಿಗೆ ಹೊಳೆಯುವಷ್ಟರಲ್ಲಿ ಮಧ್ಯಾಹ್ನವಾಗಿ ಹಾಲು ಒಡೆದಿತ್ತು. ಮಿಕ್ಸರಿನ ಹಲ್ಲು ಸವೆದಾಗ ಹಳೆಯ ಚಪ್ಪಲಿಯ ಹಿಮ್ಮಡಿ ಕೊಯ್ದು ಕೂಡಿಸಿದ. ಅದು ನಿಜಕ್ಕೂ ಓಡಿತು. ಚಪ್ಪಲಿ ಯಾರದೆಂದು ನಾವು ಯಾರೂ ಕೇಳಲಿಲ್ಲ, ಚಟ್ನಿ ತಿನ್ನಬೇಕಿತ್ತಲ್ಲ.

ಈ ಎಲ್ಲ ಪ್ರಯೋಗಗಳಲ್ಲಿ ನೀಲವ್ವ ಚಿಗವ್ವನಿಗೆ, ಅಂದರೆ ಅವನ ಹೆಂಡತಿಗೆ, ಇದ್ದ ಕೆಲಸ ಒಂದೇ: ಬ್ಯಾಟರಿ ಹಿಡಿದು ಬೆಳಕು ಬಿಡುವುದು. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹಿಡಿದಿರಬೇಕು, ಬೈಸಿಕೊಂಡಿರಬೇಕು. ಎಲ್ಲಿ ಬಿಟ್ಟರೂ ಅದು ತಪ್ಪು ಜಾಗವೇ. "ಅಲ್ಲೆಲ್ಲಿ ಬಿಡ್ತಿ, ಇಲ್ಲಿ ಬಿಡು" ಅನ್ನುವನು. ಅವಳು ತುಟಿ ಬಿಗಿಹಿಡಿದು ನಕ್ಕು ಕೈ ಸರಿಸುವಳು. ಪಾನಾ, ಇಕ್ಕಳ ಮುಟ್ಟುವಂತಿರಲಿಲ್ಲ.

ಅವರ ಮಗಳು ಸುಮಾಳನ್ನು ಕೊಟ್ಟದ್ದು ಹುಕ್ಕೇರಿಗೆ. ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯ ಸಲ ಏಳು ತಿಂಗಳು ತುಂಬಿ ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾದಾಗ ಚಿಗವ್ವ ಎಂಟು ದಿನ ನೆಲದ ಮೇಲೆ ಕಾಲಿಟ್ಟಳೋ ಇಲ್ಲವೋ ದೇವರೇ ಬಲ್ಲ. ಹಿಂದಿನ ದಿನ ಬಳೆಗಾರ್ತಿಯನ್ನು ಕರೆಸಿ ತಾನೂ ಎರಡೂ ಕೈತುಂಬ ಹಸಿರು ಬಳೆ ಇಡಿಸಿಕೊಂಡಳು. ಮಗಳಿಗೆ ತವರಿನ ಬಳೆಯನ್ನು ತಾನೇ ಇಡಬೇಕು, ಹನ್ನೆರಡರೊಳಗೆ. ಆಮೇಲೆ ಒಳ್ಳೆಯ ಹೊತ್ತಿಲ್ಲ ಎಂದು ಬೀಗರು ಮೂರು ಸಲ ಹೇಳಿ ಕಳಿಸಿದ್ದರು.

ನಾವು ಮೂವರು ಮೂಡಲಗಿಯಿಂದ ಹೊರಟದ್ದು ಕಾಕಾನ ಹಳೆಯ ವ್ಯಾನಿನಲ್ಲಿ. ಅದರ ಎಂಜಿನ್ನು ಮುಂದಿನ ಸೀಟಿನ ಕೆಳಗೆ. ಹಿಂದೆ ನಾನು, ನನ್ನ ತೊಡೆಯ ಮೇಲೆ ಬುತ್ತಿಯ ಬುಟ್ಟಿ: ಹೋಳಿಗೆ, ಕಡುಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಗೋಕಾಕ ದಾಟಿ ಫಾಲ್ಸ್ ಕಡೆಯ ಏರಿನಲ್ಲಿ ಕಾಕಾ ಎಷ್ಟು ತುಳಿದರೂ ಗಾಡಿ ಮುಂದಕ್ಕೆ ಹೋಗಲಿಲ್ಲ. ಎಂಜಿನ್ನು ಮೆಲ್ಲಗೆ ಗೊಣಗುತ್ತ ನಿಂತೇಬಿಟ್ಟಿತು. ಆಗ ಹತ್ತೂವರೆ.

ಸೀಟು ಎತ್ತಿ ನೋಡಿದರೆ ಎಕ್ಸಿಲರೇಟರಿನ ತಂತಿ ಹಿಂದಿನ ಮೂಲೆಯಲ್ಲಿ ಕೊಂಡಿ ಮುರಿದು ಜೋತಾಡುತ್ತಿತ್ತು. ಎಂಜಿನ್ನಿಗೂ ತಗಡಿಗೂ ನಡುವೆ ಅಂಗೈ ಅಗಲದ ಸಂದಿ. ಕಾಕಾ ಕೈ ಹಾಕಿದ, ಬೆರಳ ಗೆಣ್ಣು ಕೆತ್ತಿಸಿಕೊಂಡ. ಎಂಜಿನ್ನು ಆರಲೆಂದು ಕಾದು ಮತ್ತೆ ಹಾಕಿದ. ಸೈಕಲ್ ಕಡ್ಡಿ ಬಾಗಿಸಿ ಹಾಕಿದ, ಕಡ್ಡಿ ಒಳಗೇ ಬಿತ್ತು. ಹತ್ತಿರದಲ್ಲಿ ಗ್ಯಾರೇಜ್ ಇಲ್ಲ. ಹೋಗುವ ಗಾಡಿಗಳೆಲ್ಲ ತುಂಬಿ ಹೋಗುತ್ತಿದ್ದವು. ಅಷ್ಟರಲ್ಲಿ ಸುಮಾಳ ಫೋನು.

"ಅವ್ವಾ, ಎಲ್ಲೆದೀರಿ? ಇಲ್ಲಿ ಎಲ್ಲಾರೂ ತಯಾರಾಗ್ಯಾರ. ನಿನ್ನ ಬದ್ಲಿ ಚಿಕ್ಕತ್ತೀನ ಬಳಿ ಇಡ್ಲಿ ಅನ್ನಾಕತ್ತಾರ."

ಚಿಗವ್ವನ ಮುಖ ಇಳಿದದ್ದನ್ನು ನಾನು ಅದೇ ಮೊದಲು ನೋಡಿದ್ದು. "ಒಂದ್ ತಾಸ ತಡ್ಯಾಕ ಹೇಳವ್ವಾ" ಎಂದು ಫೋನಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿ, "ಸರೀರಿ, ನಾ ಕೈ ಹಾಕ್ತೇನಿ" ಅಂದಳು.

"ನಿನಗೇನ ತಿಳೀತೈತಿ ಅದು? ಕೈ ತುಂಬ ಬಳಿ ಬ್ಯಾರೆ."

ಬಳೆ ತೆಗೆಯುವ ಮಾತಿಲ್ಲ, ಅವು ಕುಬಸದ ಬಳೆ. ಅವಳು ಬಲಗೈಯ ಬಳೆಗಳನ್ನೆಲ್ಲ ಮೊಳಕೈವರೆಗೆ ಏರಿಸಿ, ಅಲುಗದ ಹಾಗೆ ನನ್ನ ಕರವಸ್ತ್ರದಿಂದ ಬಿಗಿದು ಕಟ್ಟಿಸಿಕೊಂಡಳು. ತಂತಿಯ ತುದಿಯನ್ನು ಎಂಜಿನ್ನಿನ ಯಾವ ತೋಳಿಗೆ ಸಿಕ್ಕಿಸಬೇಕೆಂದು ಕಾಕಾನಿಂದ ಒಂದು ಸಲ ಹೇಳಿಸಿಕೊಂಡಳು. ಕೊಂಡಿಯ ಬದಲಿಗೆ ಏನು? ತಾಳಿ ಸರದಲ್ಲಿ ಸದಾ ತೂಗುವ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿದಳು. ಬಳೆಗಾರ್ತಿ ಚಿಕ್ಕ ಬಳೆ ಏರಿಸುವಾಗ ನಮ್ಮ ಕೈ ಮಡಿಸುತ್ತಾಳಲ್ಲ, ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕೆ ತಂದು, ಎಲುಬೇ ಇಲ್ಲವೆನ್ನುವ ಹಾಗೆ? ಹಾಗೆ ಮಡಿಸಿದಳು. ಕೈ ಒಳಗೆ ಹೋಯಿತು. ಕಾಕಾ ಸೋಲೊಪ್ಪದೆ ಬ್ಯಾಟರಿ ಹಿಡಿದು ಬಗ್ಗಿದ.

"ನನ್ನ ಮಾರಿಗೆ ಯಾಕ ಬಿಡ್ತೀರಿ? ಆರಸ್ರಿ ಅದನ್ನ," ಅಂದಳು ಚಿಗವ್ವ.

"ಕಾಣಬೇಕಲ್ಲ ನಿನಗ?"

"ಬೆನ್ನ ಹಿಂದಿನ ಹುಕ್ಕಾ ದಿನಾ ಕಂಡ ಹಾಕ್ಕೋತೇವೇನ್ರಿ ನಾವು?"

ಕಣ್ಣು ಮುಚ್ಚಿದಳು. ಕಾಕಾ ಬ್ಯಾಟರಿ ಆರಿಸಿದ. ಒಮ್ಮೆ ಪಿನ್ನು ಜಾರಿತು. ಇನ್ನೊಂದು ಬಿಚ್ಚಿ ಕೊಟ್ಟೆ. ಸ್ವಲ್ಪ ಹೊತ್ತಿಗೆ "ಹೂಂ, ತುಳೀರಿ" ಅಂದಳು, ಕೈ ಹೊರಗೆ ತೆಗೆದು. ಕಾಕಾ ಚಾವಿ ತಿರುವಿ ತುಳಿದ. ಎಂಜಿನ್ನು ಬೊಬ್ಬೆ ಹೊಡೆಯಿತು. ಅಂಥ ಚಂದದ ಸದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

ಹುಕ್ಕೇರಿ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಸುಮಾ ಹಸಿರು ಸೀರೆ ಉಟ್ಟು ಮಣೆಯ ಪಕ್ಕದಲ್ಲೇ ನಿಂತಿದ್ದಳು. ಚಿಗವ್ವ ಎಷ್ಟು ತೊಳೆದರೂ ಎಣ್ಣೆಯ ಮಸಿ ಹೋಗಲಿಲ್ಲ. ಹೊತ್ತು ಮೀರುತ್ತಿತ್ತು. ಸುಮಾ, "ಹಂಗ ಇಡ ಬೇ" ಎಂದು ಕೈ ಮುಂದೆ ಮಾಡಿದಳು. ಹಸಿರು ಬಳೆಗಳ ಜೊತೆಗೆ ಅವಳ ಮಣಿಕಟ್ಟಿನ ಮೇಲೆ ಅವ್ವನ ಐದೂ ಬೆರಳು ಕರ್ರಗೆ ಮೂಡಿದವು. ಒಬ್ಬರು ನಕ್ಕರು, ಆಮೇಲೆ ಪಡಸಾಲೆಯೇ ನಕ್ಕಿತು. ನಗುತ್ತಲೇ ಚಿಗವ್ವ ಅತ್ತಳು, ನಾನೂ ಅತ್ತೆ.

ಊಟದ ಪಂಕ್ತಿಯಲ್ಲಿ ಬೀಗರು, "ಗಾಡಿ ಕೆಟ್ಟಿತ್ತಂತ. ಯಾರು ದುರಸ್ತಿ ಮಾಡಿದ್ರಿ?" ಎಂದು ಕೇಳಿದರು. ಎಲ್ಲರೂ ಕಾಕಾನ ಕಡೆ ನೋಡಿದರು. ಅವನು ಹೋಳಿಗೆ ಮುರಿಯುತ್ತಿದ್ದವನು ನಿಲ್ಲಿಸಿ, "ಅಕಿ ಮಾಡಿದ್ಲ್ರಿ. ನಾ ಬ್ಯಾಟರಿ ಹಿಡದಿದ್ನಿ. ಅದೂ ಬ್ಯಾಡ ಅಂದ್ಲು" ಎಂದ. ಕಾಕಾನ ಮೇಲೆ ನನಗೆ ಅವತ್ತಿನಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಇವತ್ತು ಮೂಡಲಗಿಗೆ ಫೋನು ಹಚ್ಚಿದಾಗ ಎತ್ತಿದವನು ಅವನೇ. ನಾನು ಮಷಿನ್ನಿನ ಕಥೆ ಅರ್ಧ ಹೇಳಿದ್ದೆ. "ತಡಿ ತಂಗಿ, ಕೈ ಹೋಗದ ಕೆಲಸಾ ನಂದಲ್ಲ" ಎಂದು ಒಳಗೆ ಕೂಗಿ ಕರೆದ. ಚಿಗವ್ವ ಬಂದು, ಬೆಲ್ಟು ಜಾರಿದ್ದನ್ನು ಕೇಳಿಕೊಂಡವಳೇ, "ಪ್ಲಗ್ಗ ತಗದೀಯಿಲ್ಲ?" ಎಂದು ಕೇಳಿದಳು. ತೆಗೆದೆ. ಫೋನನ್ನು ತೊಟ್ಟಿಯ ಮೇಲೆ ದೊಡ್ಡ ದನಿಗೆ ಇಟ್ಟು, ಹೆಬ್ಬೆರಳು ಮಡಿಸಿ, ಸಂದಿಯಲ್ಲಿ ಕೈ ಇಳಿಸಿದೆ. ಮಷಿನ್ನಿನ ಹಿಂದಿನ ತಗಡು ಎಂದೋ ಕಳೆದುಹೋಗಿರುವುದು ಪುಣ್ಯ.

"ಗಡಿಬಿಡಿ ಮಾಡಬ್ಯಾಡ. ಚಕ್ರ ಸಿಕ್ಕಿತೇನ? ಅದರ ಅಂಚಿಗೆ ಬೆಲ್ಟ ಸಿಗಿಸಿ, ಮೆಲ್ಲಕ ತಿರವು."

ಮೆಲ್ಲಗೆ ತಿರುವಿದೆ. ಬೆರಳ ಕೆಳಗೆ ಬೆಲ್ಟು ಏರುತ್ತ ಏರುತ್ತ ಒಮ್ಮೆಲೇ ತನ್ನ ಜಾಗಕ್ಕೆ ಕೂತಿತು.

"ಕುಂತತೇನ?" ಎಂದು ಚಿಗವ್ವ ಕೇಳಿದಳು.

ಕೂತಿತ್ತು. ಆದರೆ ನಾನು ತಕ್ಷಣ ಹೇಳಲಿಲ್ಲ. ಆ ದನಿ ಇನ್ನಷ್ಟು ಹೊತ್ತು ನನ್ನ ಕೈ ಹಿಡಿದು ನಡೆಸಲಿ ಅನ್ನಿಸಿತು.