ಒಸಡಿನ ರಕ್ತ

ನನ್ನ ಹೆಂಡತಿ ಮಾತಿನ ಹೆಂಗಸು. ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಮುಂಬಯಿಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನೀರಿನ ಜಗಳವಾಗಲಿ, ಲಿಫ್ಟಿನ ಜಗಳವಾಗಲಿ, ಮೀಟಿಂಗಿನಲ್ಲಿ ಅವಳನ್ನೇ ಮುಂದೆ ಬಿಡುತ್ತಿದ್ದರು. ವಿಜಯಪುರದ ಕಡೆಯವಳು. ಹಿಂದಿಯನ್ನೂ ಮರಾಠಿಯನ್ನೂ ತನ್ನೂರಿನ ಕನ್ನಡದ ರಾಗದಲ್ಲೇ ಆಡಿ ಎದುರಿನವರನ್ನು ಸುಮ್ಮನಾಗಿಸುತ್ತಿದ್ದಳು. ಕನ್ನಡ ಮಾಧ್ಯಮದ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಟೀಚರ್. ನಾನು ಉಡುಪಿ ಕಡೆಯವನು, ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಬಹಳ ವರ್ಷದಿಂದ ಸೂಪರ್‌ವೈಸರ್. ಇಡೀ ದಿನ ಗಿರಾಕಿಗಳ ಮುಂದೆ ಬಗ್ಗಿ ಮಾತಾಡುವ ಕೆಲಸವಾದ್ದರಿಂದ ಜೇಬಿನಲ್ಲಿ ಸದಾ ಏಲಕ್ಕಿ ಇರುತ್ತಿತ್ತು. ನನ್ನ ಬಾಯಿ ಸ್ವಚ್ಛ ಎಂಬ ವಿಷಯದಲ್ಲಿ ನನಗೆ ಸಂಶಯವೇ ಇರಲಿಲ್ಲ.

ಅವಳ ಬಾಯಿಯ ವಾಸನೆ ನನಗೆ ಮೊದಲು ಗೊತ್ತಾದದ್ದು ಮಗಳು ಕಾಲೇಜು ಸೇರಿದ ವರ್ಷವಿರಬೇಕು. ಬೆಳಿಗ್ಗೆ ಚಹಾ ಹಿಡಿದು ನನ್ನ ಎದುರಿಗೇ ಸ್ಟೂಲು ಎಳೆದು ಕೂತು ಅವಳು ಶಾಲೆಯ ಸುದ್ದಿ ಹೇಳುತ್ತಿದ್ದಳು. ನಾಲ್ಕು ದಿನ ನೀರು ಬದಲಿಸದ ಹೂದಾನಿಯಂಥ ವಾಸನೆ. ನಾನು ಪೇಪರನ್ನು ಸ್ವಲ್ಪ ಎತ್ತರಕ್ಕೆ ಹಿಡಿಯತೊಡಗಿದೆ. ಆಮೇಲೆ ಕಿಟಕಿಯ ಹತ್ತಿರ ನಿಂತು ಚಹಾ ಕುಡಿಯುವ ಅಭ್ಯಾಸ ಮಾಡಿಕೊಂಡೆ. ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಅವಳಿಗೆ ನೋವಾಗುತ್ತದೆ ಎಂದು ಸುಮ್ಮನಿದ್ದೆ. ಅದಕ್ಕಿಂತ ಹೆಚ್ಚಾಗಿ, ಆ ಮಾತಿನ ನಂತರ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಒಂದು ಸಂಜೆ ಅವಳು ಶಾಲೆಯಿಂದ ಬಂದವಳು ಹೆಗಲ ಚೀಲವನ್ನೂ ಇಳಿಸದೆ ನನ್ನ ಮುಂದೆ ನಿಂತಳು.

“ಏನ್ರಿ, ಒಂದ್ ಮಾತ್ ಕೇಳ್ತೀನಿ, ಖರೇ ಹೇಳ್ರಿ. ನನ್ ಬಾಯಿ ನಾರತೈತೇನು?”

“ಯಾರು ಹೇಳಿದ್ದು?”

“ಮುಂದಿನ ಬೆಂಚಿನ ಹುಡುಗಿ. ಅಕ್ಷರ ತಿದ್ದಸಾಕ ಬಗ್ಗಿದ್ದೆ, ಮೂಗು ಮುಚ್ಕೊಂಡ್ಳು. ಸಣ್ಣ ಕೂಸು, ಅದಕ್ಕ ಸುಳ್ಳು ಹೇಳಾಕ ಬರೂದಿಲ್ಲ.”

“ಎಂತದೂ ಇಲ್ಲ ಮಾರಾಯ್ತಿ. ಮಕ್ಕಳು ಮಾಡಿದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುದುಂಟಾ?”

ಅವಳು ಚೀಲ ಇಳಿಸಿ ಒಳಗೆ ಹೋದಳು. ಮರುದಿನದಿಂದ ಮಾತಾಡುವಾಗ ಸೆರಗು ಬಾಯಿಗೆ ಬರತೊಡಗಿತು. ಸೊಸೈಟಿಯ ಮೀಟಿಂಗುಗಳಲ್ಲಿ ಹಿಂದಿನ ಕುರ್ಚಿಯಲ್ಲಿ ಕೂರತೊಡಗಿದಳು. ಯಾಕೆ ಎಂದು ನಾನು ಕೇಳಲಿಲ್ಲ, ಯಾಕೆಂದು ನನಗೆ ಗೊತ್ತಿತ್ತು.

ಅದರ ನಂತರ ಅವಳು ದಿನಕ್ಕೆ ಮೂರು ಸಲ ಹಲ್ಲುಜ್ಜಲು ಶುರುಮಾಡಿದಳು. ಬೇಸಿನ್ನಿನಲ್ಲಿ ನೊರೆಯೆಲ್ಲ ಕೆಂಪು. ಒಂದು ಬೆಳಿಗ್ಗೆ ನನ್ನನ್ನು ಕರೆದು ತೋರಿಸಿದಳು. ಕೆಳಗಿನ ಮುಂಬದಿಯ ಹಲ್ಲುಗಳ ಬುಡದಲ್ಲಿ ಒಸಡು ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. “ಬ್ರಷ್ ತಾಗಿದ್ರ ಸಾಕು, ರಕ್ತ ಬರತೈತ್ರಿ” ಎಂದಳು.

“ಹಾಗಾದರೆ ಅಲ್ಲಿಗೆ ಬ್ರಷ್ ತಾಗಿಸಬೇಡ. ಗಾಯ ಅಲ್ವಾ, ಮುಟ್ಟದಿದ್ದರೆ ತಾನೇ ಮಾಯ್ತದೆ” ಎಂದೆ.

ನನ್ನ ಮಾತಿಗೆ ಎಂದೂ ಸುಲಭವಾಗಿ ಒಪ್ಪದವಳು ಇದನ್ನು ಮಾತ್ರ ಒಪ್ಪಿದಳು. ಬ್ರಷ್ ಬಿಟ್ಟು ಬೆರಳಿನಿಂದ ಪುಡಿ ಸವರಿಕೊಳ್ಳತೊಡಗಿದಳು. ರಕ್ತ ಕಾಣುವುದು ನಿಂತಿತು. ನಾವಿಬ್ಬರೂ ಗುಣವಾಯಿತೆಂದು ತಿಳಿದೆವು.

ಒಂದು ವರ್ಷ ಕಳೆದ ಮೇಲೆ ಜೋಳದ ರೊಟ್ಟಿ ಕಚ್ಚುವಾಗ ಅವಳ ಒಂದು ಹಲ್ಲು ಅಲುಗಾಡಿತು. ಮಗಳು ಬಿಡಲಿಲ್ಲ, ಸ್ಟೇಷನ್ ಹತ್ತಿರದ ಹಲ್ಲಿನ ಡಾಕ್ಟರ ಬಳಿ ಇಬ್ಬರನ್ನೂ ಎಳೆದುಕೊಂಡು ಹೋದಳು. ಡಾಕ್ಟರು ಗೆರೆಗಳಿದ್ದ ಸಪೂರ ಕಡ್ಡಿಯೊಂದನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸುತ್ತ ಹೋದರು. ಇಳಿಸಿದಲ್ಲೆಲ್ಲ ರಕ್ತ. ಪಕ್ಕದಲ್ಲಿದ್ದ ನರ್ಸ್‌ಗೆ ಆಳವನ್ನು ಬರೆಸುತ್ತಿದ್ದರು: ಆರು, ಏಳು, ಐದು, ಏಳು. ಎರಡು ಮೂರು ಮಿಲಿಮೀಟರ್ ಇದ್ದರೆ ಸರಿ, ಇದು ಜಾಸ್ತಿ ಎಂದರು.

ಅವರು ಹಿಂದಿಯಲ್ಲಿ ಬಿಡಿಸಿ ಹೇಳಿದ್ದು ನನಗೆ ಇನ್ನೂ ನೆನಪಿದೆ. ಎಲ್ಲರ ಬಾಯಲ್ಲೂ ಬ್ಯಾಕ್ಟೀರಿಯಾ ಇರುತ್ತವೆ, ಅದು ರೋಗವಲ್ಲ. ಆದರೆ ಹಲ್ಲಿನ ಬುಡದಲ್ಲಿ ಅವು ಒಂದರ ಮೇಲೊಂದು ಕೂತು, ಅಂಟು ಸುರಿಸಿಕೊಂಡು ಪದರ ಕಟ್ಟುತ್ತವೆ. ತುಂಬಿಟ್ಟ ಬಕೆಟ್ಟಿನ ಒಳಗೋಡೆಗೆ ಲೋಳೆ ಹಿಡಿಯುತ್ತದಲ್ಲ, ಹಾಗೆ. ನೀರು ಸುರಿದರೆ ಅದು ಹೋಗುವುದಿಲ್ಲ, ಉಜ್ಜಲೇಬೇಕು. ಉಜ್ಜದೆ ಬಿಟ್ಟರೆ ಒಸಡಿನ ಒಳಗೆ, ಗಾಳಿಯಾಡದ ಕಡೆ ಬೇರೆ ಜಾತಿಯವು ಬಂದು ಸೇರುತ್ತವೆ. ಅವುಗಳ ಮೇಲೆ ಮೈಯೇ ಯುದ್ಧ ಹೂಡಿ, ಆ ಯುದ್ಧದಲ್ಲಿ ಹಲ್ಲು ಹಿಡಿದುಕೊಂಡ ಮೂಳೆ ಕರಗುತ್ತದೆ.

“ರಕ್ತ ಬರುವ ಕಡೆ ಹೆಚ್ಚು ಜಾಗ್ರತೆಯಿಂದ ಬ್ರಷ್ ಮಾಡಬೇಕಿತ್ತು” ಎಂದರು. “ಬಿಡಿ ಅಂತ ಯಾರು ಹೇಳಿದರು ನಿಮಗೆ?”

ಅವಳು ನನ್ನ ಕಡೆ ತಿರುಗಲಿಲ್ಲ. “ನಾನೇ ಬಿಟ್ಟೆ” ಎಂದಳು.

ಹೃದಯದ ತೊಂದರೆ ಏನಾದರೂ ಇದೆಯೇ ಎಂದೂ ಅವರು ಕೇಳಿದರು. ಇಲ್ಲ ಎಂದಳು. ನಾನೂ ತಲೆಯಾಡಿಸಿದೆ. ಚಿಕ್ಕವಳಿದ್ದಾಗ ಕೀಲುಗಳೆಲ್ಲ ಊದಿ ಜ್ವರ ಬಂದದ್ದು, ಮದುವೆಯವರೆಗೂ ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಂಡದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ಅದು ಹೃದಯದ ಮಾತು ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ನಾಲ್ಕು ಸಲ ಬಂದು ಒಸಡಿನ ಒಳಗಿನಿಂದ ಸ್ವಚ್ಛ ಮಾಡಿಸಿಕೊಳ್ಳಬೇಕು ಎಂದಿದ್ದರು. ಮೊದಲ ಸಲದ ನಂತರ ಕನ್ನಡಿ ನೋಡಿಕೊಂಡು ಅವಳು ಹೌಹಾರಿದಳು. ಗಟ್ಟಿಯಾಗಿ ಕಟ್ಟಿಕೊಂಡಿದ್ದ ಪಾಚಿ ಹೋಗಿ ಹಲ್ಲುಗಳ ಮಧ್ಯೆ ಸಂದುಗಳು ಕಾಣುತ್ತಿದ್ದವು.

“ನೋಡ್ರಿ, ಎಲ್ಲಾ ಸಡ್ಲ ಮಾಡಿ ಕಳಿಸ್ಯಾನ. ಒಂದ್ ಹಲ್ಲಿಗೆ ಹೋದ್ರ ಹತ್ತು ಅಲ್ಲಾಡಾಕ ಹತ್ಯಾವು. ನಾ ಮತ್ತ ಹೋಗಂಗಿಲ್ಲ.”

ನನಗೂ ಹಾಗೇ ಅನ್ನಿಸಿತು. ಮಗಳೊಬ್ಬಳೇ, “ಮಮ್ಮಿ, ಅವರು ಬೋಲೇ ಥೇ ನಾ, ನಾಲ್ಕು ಸಲ ಅಂತ” ಎಂದು ತನಗೆ ಬರುವ ಕನ್ನಡದಲ್ಲಿ ವಾದಿಸಿದಳು. ನಾನು ಅವಳನ್ನೇ ಗದರಿಸಿದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಶುರುವಾಯಿತು. ಜೋರಾದ ಜ್ವರವಲ್ಲ, ಸಂಜೆಯಾದರೆ ಮೈ ಬಿಸಿ, ಸ್ವಲ್ಪ ಚಳಿ. ಮುಂಬಯಿಯಲ್ಲಿ ಅಂಥ ಜ್ವರಕ್ಕೆ ಹೆಸರುಗಳ ಕೊರತೆಯಿಲ್ಲ. ಮೊದಲು ಮಲೇರಿಯಾ ಎಂದರು, ಆಮೇಲೆ ಟೈಫಾಯ್ಡ್. ಮಾತ್ರೆ ತಿಂದಾಗ ಇಳಿಯುತ್ತಿತ್ತು, ಬಿಟ್ಟಾಗ ಬರುತ್ತಿತ್ತು. ರವಿಕೆಗಳು ದೊಗಳೆಯಾದವು. ಲೋಕಲ್ ಟ್ರೇನ್ ಹತ್ತಿ ಶಾಲೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ದಸರಾ ರಜೆಯ ಒಂದು ಬೆಳಿಗ್ಗೆ ನಾನು ಷರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ಅಡುಗೆಮನೆಯಿಂದ ಮಗಳು ಕೂಗಿದಳು. “ಪಪ್ಪಾ, ಜಲ್ದಿ ಬಾ! ಮಮ್ಮಿ ಏನೋ ಅಲಗ್ ಮಾತಾಡ್ತಿದಾಳೆ!”

ಅವಳು ಕಟ್ಟೆ ಹಿಡಿದು ನಿಂತಿದ್ದಳು. ಬಲಗೈಯ ಸೌಟು ನೆಲಕ್ಕೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ನನ್ನನ್ನು ನೋಡಿ ಅವಸರ ಅವಸರವಾಗಿ ಏನೋ ಹೇಳಿದಳು, ಅದರಲ್ಲಿ ಒಂದು ಶಬ್ದವೂ ಶಬ್ದವಾಗಿರಲಿಲ್ಲ. ತನಗೆ ಏನಾಗಿದೆ ಎಂದು ಅವಳಿಗೇ ಕೇಳಿಸಿತು ಎಂದು ಕಾಣುತ್ತದೆ. ಸುಮ್ಮನಾಗಿ ನನ್ನ ತೋಳು ಹಿಡಿದುಕೊಂಡಳು.

ಪರೇಲಿನ ಆಸ್ಪತ್ರೆಯಲ್ಲಿ ಮೂರನೇ ದಿನ ಉತ್ತರ ಸಿಕ್ಕಿತು. ಬಾಲ್ಯದ ಆ ಜ್ವರ ಅವಳ ಹೃದಯದ ಒಂದು ಕವಾಟವನ್ನು ಆಗಲೇ ಕೆಡಿಸಿತ್ತು. ಆ ಒರಟು ಜಾಗದಲ್ಲಿ ಬ್ಯಾಕ್ಟೀರಿಯಾ ಕೂತು ಗಂಟಿನಂತೆ ಬೆಳೆದಿದ್ದವು. ಅದರ ಒಂದು ಚೂರು ಕಳಚಿ ರಕ್ತದೊಡನೆ ಮಿದುಳಿನ ಎಡಭಾಗಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ರಕ್ತವನ್ನು ಪರೀಕ್ಷೆಗಿಟ್ಟಾಗ ಬೆಳೆದದ್ದು ಬಾಯಲ್ಲಿ ಇರುವ ಜಾತಿಯ ಬ್ಯಾಕ್ಟೀರಿಯಾ.

“ಹಲ್ಲು ಕ್ಲೀನ್ ಮಾಡಿಸಿದ್ದರಿಂದ ಹೀಗಾಯ್ತಾ?” ಎಂದು ಕೇಳಿದೆ. ಹೌದು ಎನ್ನಲಿ ಎಂದು ನಾನು ಆಸೆಪಟ್ಟಿದ್ದೆ.

ಹೃದಯದ ಡಾಕ್ಟರು ಒಪ್ಪಲಿಲ್ಲ. ಯಾವ ದಿನ ಎಂದು ಯಾರೂ ಹೇಳಲಾರರು ಎಂದರು. ಅಷ್ಟು ಊದಿದ ಒಸಡಿದ್ದರೆ ಊಟ ಅಗಿಯುವಾಗಲೇ ಅವು ರಕ್ತಕ್ಕೆ ಇಳಿಯುತ್ತಿರುತ್ತವೆ, ದಿನಾ, ವರ್ಷಗಟ್ಟಲೆ.

ಆರು ವಾರ ನರಕ್ಕೆ ಔಷಧಿ ಹರಿಸಿದರು. ಕವಾಟ ಬದಲಿಸುವ ಮೊದಲು ಬಾಯಲ್ಲಿ ಸೋಂಕು ಉಳಿಯಬಾರದೆಂದು ಅಲ್ಲಿನ ಹಲ್ಲಿನ ವಿಭಾಗದವರು ಬಂದು ನೋಡಿದರು. ಅವರಲ್ಲಿ ಒಬ್ಬಳು ಹುಬ್ಬಳ್ಳಿ ಕಡೆಯ ಚಿಕ್ಕ ವಯಸ್ಸಿನ ಡಾಕ್ಟರ್. ಹೆಂಡತಿಯ ಹಾಸಿಗೆಯ ಪಕ್ಕ ನಿಂತು ನಾನು ಏನೋ ಕೇಳುತ್ತಿದ್ದಾಗ ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ಅಂಕಲ್, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ ಬಾಯೂ ಒಮ್ಮೆ ನೋಡ್ತೀನಿ. ಒಂದೇ ಮನ್ಯಾಗಿದ್ದವ್ರಿಗೆ ಈ ಬ್ಯಾಕ್ಟೀರಿಯಾ ಒಬ್ರಿಂದ ಒಬ್ರಿಗೆ ದಾಟಬಹುದು.”

ಕೆಳಗಿನ ಮಹಡಿಯ ಕೋಣೆಯಲ್ಲಿ ನನ್ನ ದವಡೆ ಹಲ್ಲಿನ ಬುಡದಿಂದ ಚೂರು ಬಿಳಿ ಲೋಳೆ ತೆಗೆದು ಗಾಜಿಗೆ ಸವರಿ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಪಕ್ಕದ ಪರದೆಯ ಮೇಲೆ ಎಳೆಗಳು ಕಾಣಿಸಿದವು. ಸುರುಳಿಯಂಥವು, ಚಾಟಿಯಂಥವು ಒಂದನ್ನೊಂದು ದಾಟಿಕೊಂಡು ಹೊರಳಾಡುತ್ತಿದ್ದವು.

“ಇವು ಹೊಸಾವಲ್ರಿ. ಭಾಳ ವರ್ಷದಿಂದ ಅದಾವು” ಎಂದಳು.

“ವಾಸನೆ ಉಂಟಾ?” ಎಂದು ಕೇಳಿದೆ.

ಆಕೆ ಕೈಗವಸು ಬಿಚ್ಚುತ್ತ, “ಐತ್ರಿ” ಎಂದಳು.

ಮದುವೆಯಾದ ಇಪ್ಪತ್ತೆರಡು ವರ್ಷವೂ ನನ್ನ ಹೆಂಡತಿ ನನ್ನ ಎದುರಿಗೇ ಸ್ಟೂಲು ಎಳೆದುಕೊಂಡು ಕೂತಿದ್ದಳು. ಒಂದು ದಿನವೂ ಹಿಂದೆ ಸರಿದಿರಲಿಲ್ಲ, ಒಂದು ಮಾತೂ ಆಡಿರಲಿಲ್ಲ. ಆ ಕೋಣೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ.

ಅವಳ ಬಾಯಲ್ಲಿ ಐದು ಹಲ್ಲು ಉಳಿಸಿ ಮಿಕ್ಕವನ್ನೆಲ್ಲ ತೆಗೆದರು. ಆಮೇಲೆ ಎದೆ ತೆರೆದು ಲೋಹದ ಕವಾಟ ಹಾಕಿದರು. ಬದುಕಿದಳು. ಮಾತು ಬರಲಿಲ್ಲ. ವಿಚಿತ್ರವೆಂದರೆ ಮಗ್ಗಿ ಬರುತ್ತದೆ. ಮಗಳು “ಎರಡೊಂದ್ಲ” ಎಂದರೆ ಸಾಕು, ತರಗತಿಯಲ್ಲಿ ಹೇಳಿಕೊಡುತ್ತಿದ್ದ ಅದೇ ರಾಗದಲ್ಲಿ ಇಪ್ಪತ್ತರವರೆಗೆ ಒಂದೂ ತಪ್ಪಿಲ್ಲದೆ ಹೇಳುತ್ತಾಳೆ. ನೀರು ಬೇಕು ಎನ್ನಲು ಬರುವುದಿಲ್ಲ. ಮಿದುಳಿನಲ್ಲಿ ಬಾಯಿಪಾಠದ ಜಾಗ ಬೇರೆ, ಮಾತಿನ ಜಾಗ ಬೇರೆ ಎಂದು ಮಾತಿನ ತರಬೇತಿ ಕೊಡುವವರು ಹೇಳಿದರು. ಕಟ್ಟಿಸಿದ ಹಲ್ಲಿನ ಸೆಟ್ಟು ಸೊಟ್ಟಗಾದ ಬಾಯಲ್ಲಿ ಕೂರುವುದಿಲ್ಲ. ಮೆತ್ತಗೆ ಕಿವುಚಿದ ಅನ್ನವನ್ನೇ ತಿನ್ನಿಸುತ್ತೇವೆ.

ಲೋಹದ ಕವಾಟ ಇರುವವರೆಗೂ ಬಾಯಿ ಶುದ್ಧವಿರಬೇಕು, ಇಲ್ಲದಿದ್ದರೆ ಮತ್ತೆ ಅದೇ ಕಥೆ. ಬಲಗೈ ಏಳದ್ದರಿಂದ ದಿನಾ ಬೆಳಿಗ್ಗೆ ನಾನೇ ಅವಳ ಐದು ಹಲ್ಲುಗಳನ್ನು ಸಣ್ಣ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಒಸಡನ್ನು ಬಟ್ಟೆಯಿಂದ ಒರೆಸುತ್ತೇನೆ. ನನ್ನ ಎರಡು ದವಡೆ ಹಲ್ಲುಗಳು ಹೋದವು. ಮೂರು ತಿಂಗಳಿಗೊಮ್ಮೆ ನಾನೂ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತು ಬರುತ್ತೇನೆ.

ಹೋದ ತಿಂಗಳು ಒಂದು ಭಾನುವಾರ ಬ್ರಷ್ ಹಿಡಿದು ಅವಳ ಮುಂದೆ ಕೂತವನು ಹೇಳಿಬಿಟ್ಟೆ. “ನೀನು ಅವತ್ತು ಕೇಳಿದ್ದೆಯಲ್ಲ, ಬಾಯಿ ವಾಸನೆ ಬರ್ತದಾ ಅಂತ. ಬರ್ತಿತ್ತು. ನನಗೆ ಗೊತ್ತಿತ್ತು. ನಾನು ಸುಳ್ಳು ಹೇಳಿದೆ.”

ಅವಳು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಬ್ರಷ್ಷನ್ನು ದೂರ ಸರಿಸಿದಳು. ಎರಡು ಮೂರು ಸಲ ಶಬ್ದಕ್ಕಾಗಿ ತಡಕಾಡಿದಳು. ಕಡೆಗೆ ಹೊರಟದ್ದು “ನಾಲ್ಕು” ಎಂಬ ಒಂದೇ ಶಬ್ದ. ಅದಲ್ಲ ಎಂದು ಅವಳಿಗೂ ಗೊತ್ತಾಯಿತು. ಸಿಟ್ಟಿನಿಂದ ಕುರ್ಚಿಯ ಕೈಗೆ ಹೊಡೆದಳು, ಮತ್ತೆ ಯತ್ನಿಸಿದಳು, ಮತ್ತೆ ಅದೇ ಬಂತು. ನಾನು ಕಾದೆ. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು. ಕೆಳಗಿನ ಎರಡು ಹಲ್ಲು ಉಜ್ಜುವುದು ಇನ್ನೂ ಬಾಕಿ ಇತ್ತು.